ಸೂಜಿಯಕ್ಕ ಮತ್ತು ಬೆಂಕಿ ಗುಡಿ

"ಕತ್ತಿ ಚೆನ್ನಾಗಿ ಕಾಣುತ್ತೆ ಅಂತ ತಗೋಬ್ಯಾಡ ಕಣಮ್ಮ. ಎಲ್ರೂ ಅದನ್ನೇ ತಗೊಂಡವ್ರೆ."

ಸೂಜಿಯಕ್ಕ ನನಗೆ ಆಡಿದ ಮೊದಲ ಮಾತು ಇದು. ಆಗ ನಾನು ಗುಬ್ಬಿಯ ತವರುಮನೆಯಲ್ಲಿ, ನಡುಮನೆಯ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದೆ. ಅವಳು ಎಲ್ಲಿದ್ದಳೋ ಗೊತ್ತಿರಲಿಲ್ಲ. ಫೋನಿನೊಳಗೆ ಅವಳ ದನಿಯ ಹಿಂದೆ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು, ಅಷ್ಟೇ.

ಮಂಚ ಹಿಡಿದಿದ್ದಕ್ಕೆ ಕಾರಣವಿತ್ತು. ಮದುವೆಯಾದ ಎಂಟು ವರ್ಷದಲ್ಲಿ ನನಗೆ ಎರಡು ಸಲ ಬಸಿರು ನಿಂತು, ಎರಡೂ ಸಲ ಐದನೇ ತಿಂಗಳಿಗೆ ಹೋಗಿತ್ತು. ಮೂರನೆಯ ಸಲ ಡಾಕ್ಟರಮ್ಮ ಬಚ್ಚಲಿಗೆ ಹೋಗುವುದು ಬಿಟ್ಟರೆ ಇನ್ನೆಲ್ಲಿಗೂ ಏಳಕೂಡದು ಎಂದು ಕಟ್ಟುನಿಟ್ಟು ಮಾಡಿದರು. ನನ್ನ ಗಂಡ ಗುರುಪ್ರಕಾಶ್ ಕುಣಿಗಲ್‌ನಲ್ಲಿ ಹೈಸ್ಕೂಲ್ ಮೇಷ್ಟ್ರು. ನನ್ನನ್ನು ತಂದು ತವರಲ್ಲಿ ಬಿಟ್ಟು, ಭಾನುವಾರ ಭಾನುವಾರ ಬಂದು ಹೋಗುತ್ತಿದ್ದ. ಅಮ್ಮ ಮಹಾಲಕ್ಷ್ಮಮ್ಮ ಊಟ, ಮಾತ್ರೆ, ವಿಭೂತಿ ಮೂರನ್ನೂ ಹೊತ್ತು ಹೊತ್ತಿಗೆ ತಪ್ಪದೆ ಕೊಡುತ್ತಿದ್ದಳು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮಲಗಿ ಮಲಗಿ ತಿರುಗುವ ಫ್ಯಾನಿನ ಮೇಲೂ ರೇಗುವಂತಾಗಿದ್ದೆ. ನೋಡಲು ಬಂದ ನೆಂಟರು "ಈ ಸಲ ಏನೂ ಆಗಲ್ಲ ಬುಡು" ಎಂದರೆ ಸಾಕು, ಮುಸುಕು ಎಳೆದುಕೊಳ್ಳುತ್ತಿದ್ದೆ. ಏನೂ ಆಗಲ್ಲ ಎಂದು ಹಿಂದಿನ ಎರಡು ಸಲವೂ ಅವರೇ ಹೇಳಿದ್ದರು.

ಆಟ ಕಣ್ಣಿಗೆ ಬಿದ್ದಿದ್ದು ಯಾವುದೋ ಜಾಹೀರಾತಿನಲ್ಲಿ. ಕೋಟೆ, ರಾಕ್ಷಸರು, ಮಾಯದ ಕಾಡು. ಎಲ್ಲೆಲ್ಲಿಯವರೋ ಒಂದೇ ಹೊತ್ತಿಗೆ ಫೋನು ಹಿಡಿದು ಮಾತಾಡಿಕೊಂಡು ಒಟ್ಟಾಗಿ ಆಡುವಂಥದ್ದು. ನಾನು ಮಲ್ಲಿಗೆ ಎಂದು ಹೆಸರಿಟ್ಟುಕೊಂಡು ಒಳಗೆ ಹೋದೆ, ಮೊದಲ ದಿನವೇ ಒಂದು ಕಾಡುಹಂದಿಯ ಕೈಲಿ ಏಳು ಸಲ ಸತ್ತೆ. ಎಂಟನೆಯ ಸಲ ಬಿದ್ದಿದ್ದಾಗ ಹಸಿರು ನಿಲುವಂಗಿಯವಳೊಬ್ಬಳು ಬಂದು ಎಬ್ಬಿಸಿದಳು. ಅವಳ ತಲೆಯ ಮೇಲೆ 'ಸೂಜಿ' ಎಂದು ಹೆಸರು. ಕೆಳಗೆ ಸಣ್ಣಕ್ಷರದಲ್ಲಿ 'ಶಿರಾ ಗೇಟ್ ಸೈನ್ಯ' ಎಂದು ಅವಳ ತಂಡದ ಹೆಸರು. ಎರಡನೇ ಲೆವೆಲ್ಲಿಗೆ ಹೋಗುವವರು ಕತ್ತಿಯೋ ಬಿಲ್ಲೋ ಮದ್ದಿನ ಕೋಲೋ ಆರಿಸಿಕೊಳ್ಳಬೇಕು. ಕತ್ತಿಯ ಮಾತು ಬಂದಿದ್ದು ಆಗಲೇ. ಮದ್ದಿನ ಕೋಲು ಹಿಡಿದವರನ್ನು ಹೀಲರ್ ಎನ್ನುತ್ತಾರೆ. ಗಾಯವಾದವರಿಗೆಲ್ಲ ಮದ್ದು ಹಾಕಿ ಬದುಕಿಸುವುದು ಅವರ ಕೆಲಸ. ಹೀಲರ್‌ಗಳು ಯಾವಾಗಲೂ ಕಮ್ಮಿ, ಹಾಗಾಗಿ ಹೊಸಬಳಾದರೂ ನಿನ್ನನ್ನು ಯಾರೂ ಬೇಡ ಅನ್ನುವುದಿಲ್ಲ ಎಂದಳು.

ಈಗ ಹೊಸಬರಿಗೆ ನಾನು ಹೇಳಿಕೊಡುವುದೆಲ್ಲ ಅವಳ ಬಾಯಿಂದ ಬಂದದ್ದೇ. ಮಧ್ಯಾಹ್ನ ಎರಡರಿಂದ ನಾಲ್ಕು ಅವಳ ಹೊಲಿಗೆ ಅಂಗಡಿಗೆ ಗಿರಾಕಿ ಕಮ್ಮಿ. ಆ ಹೊತ್ತಿಗೆ ಬ್ಲೌಸಿಗೆ ಹುಕ್ಸ್ ಹಾಕುತ್ತಲೋ ಕಾಜ ಹೊಲಿಯುತ್ತಲೋ ಪಾಠ ಮಾಡುತ್ತಿದ್ದಳು. ಯಾರಾದರೂ ಒಂದು ಕೆಲಸ ವಹಿಸಿದರೆ ಅದರ ಬರಹವನ್ನು ಪೂರ್ತಿ ಓದು, ಓಡಬೇಡ. ಹತ್ತನೇ ಲೆವೆಲ್ ಆಗುವವರೆಗೆ ಅಂದಚೆಂದದ ಬಟ್ಟೆಗೆ ಆಟದ ದುಡ್ಡಾದ ಹರಳು ಸುರಿಯಬೇಡ, ನೀನೇನು ಸೀರೆ ಅಂಗಡಿಗೆ ಬಂದಿಲ್ಲ. ಮದ್ದಿನ ಸೀಸೆಯನ್ನು ಮುಂದಕ್ಕೆ ಬೇಕಾಗುತ್ತೆ ಅಂತ ಕಟ್ಟಿಟ್ಟುಕೊಂಡು ಸಾಯಬೇಡ, ಕುಡಿ. ನೆಲ ಕೆಂಪಾದ ಕಡೆ ನಿಲ್ಲಬೇಡ. ನಿಜವಾದ ಹೆಸರು, ಊರು, ಫೋಟೋ, ಓಟಿಪಿ ಯಾರಿಗೂ ಕೊಡಬೇಡ, ನನಗೂ ಕೊಡಬೇಡ. ಕಾಳಗದ ನಡುವೆ ತಂಡವನ್ನು ಬಿಟ್ಟು ಹೋಗಬೇಡ, ಅದು ಊಟದ ಪಂಕ್ತಿಯಿಂದ ಎದ್ದು ಹೋದಂಗೆ.

ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಒಂದು. ನಮ್ಮ ತಂಡದಲ್ಲಿ 'ಗೋಡೆ' ಎಂಬ ಹೆಸರಿನವರೊಬ್ಬರು ದೊಡ್ಡ ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತು ಏಟು ತಿನ್ನುತ್ತಿದ್ದರು. ನಾನು ಗಾಬರಿಯಾಗಿ ಇದ್ದಬದ್ದ ಮದ್ದೆಲ್ಲ ಅವರಿಗೆ ಹಾಕಿ, ನಾನು ಉರುಳಿಬೀಳುತ್ತಿದ್ದೆ.

"ಮೊದ್ಲು ನಿಂಗೆ ಹಾಕ್ಕೊ ಮಲ್ಲಿಗೆ," ಅನ್ನುತ್ತಿದ್ದಳು ಸೂಜಿಯಕ್ಕ. "ನೀನಿದ್ರೆ ತಾನೇ ನಾವು. ಇದು ಸ್ವಾರ್ಥ ಅಲ್ಲ ಕಣೇ."

ನಾನು ಹೂಂ ಅನ್ನುತ್ತಿದ್ದೆ, ಮತ್ತೆ ಅದನ್ನೇ ಮಾಡುತ್ತಿದ್ದೆ.

ನನ್ನ ಮಾನ ಪೂರ್ತಿ ಹೋಗಿದ್ದು ಬೆಂಕಿ ಗುಡಿಯಲ್ಲಿ. ಕಲ್ಲಿನ ಕಂಬ, ಗಂಟೆ, ಒಳಗೆ ದೀಪ ಇರುವ ಹಳೆಯ ಗುಡಿ ಅದು. ಅದರ ಗರ್ಭಗುಡಿಯಲ್ಲಿ ಒಬ್ಬ ರಾಕ್ಷಸ ಕೂತಿರುತ್ತಾನೆ. ಆರು ಜನ ಒಳಗೆ ಹೋದೆವು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನಾನು ಸತ್ತೆ, ಮದ್ದು ಹಾಕುವವರಿಲ್ಲದೆ ಮಿಕ್ಕವರೂ ಸತ್ತರು. ಎರಡನೆಯ ಸಲವೂ ಅಷ್ಟೇ, ಮೂರನೆಯ ಸಲವೂ ಅಷ್ಟೇ. ತಂಡದಲ್ಲಿ ಯಾರೋ ಗೊಣಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಈ ದರಿದ್ರ ಆಟದ ಸಹವಾಸವೇ ಬೇಡ ಎಂದು ಫೋನು ಮಗುಚಿ ಇಡಬೇಕೆನ್ನುವಾಗ ಸೂಜಿಯಕ್ಕ ಕೇಳಿದಳು.

"ಮಲ್ಲಿಗೆ, ನಿನ್ ಬೂಟ್ಸ್ ಎಲ್ಲಮ್ಮ?"

ನಾನು ಚೀಲ ತೆರೆದು ನೋಡಿದೆ.

"ಇಲ್ಲಿ ನೆಲ ಎಲ್ಲಾ ಕೆಂಡ. ಬೂಟ್ಸ್ ಹಾಕಿದ್ರೆ ಸುಡಲ್ಲ. ನಾನೇ ಕೊಟ್ಟಿದ್ನಲ್ಲ, ಚರ್ಮದ್ದು?"

"ಗುಡಿ ಅಲ್ವಾ ಅಕ್ಕ," ಎಂದೆ. "ಬಾಗಿಲಲ್ಲೇ ಬಿಚ್ಚಿದೆ."

ಹೌದು, ಮೂರು ಸಲವೂ ಬಿಚ್ಚಿದ್ದೆ. ಚೀಲ ತೆಗೆದು, ಬೂಟ್ಸ್ ಒತ್ತಿ, ಒಳಗಿಟ್ಟು, ಬರಿಗಾಲಲ್ಲಿ ಹೊಸಿಲು ದಾಟಿದ್ದೆ. ಯೋಚನೆ ಮಾಡಿ ಮಾಡಿದ್ದಲ್ಲ. ಗುಡಿ ಕಂಡರೆ ಚಪ್ಪಲಿ ಬಿಡುವ ಕೈ, ತಾನಾಗಿಯೇ ಬಿಟ್ಟಿತ್ತು. ಈಗ ಐದು ಜನರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂದು ಕಾದೆ. ಮೆಷಿನ್ನಿನ ಸದ್ದು ನಿಂತಿತು.

"ನಾನೂ ಬಿಚ್ಚಿದ್ದೆ ಕಣೇ," ಎಂದಳು ಅವಳು. "ಮೊದಲ್ನೇ ಸಲ. ನಂಗೆ ಅದು ದರ್ಗಾ ಥರ ಕಾಣ್ತು. ಹತ್ತು ಸಲ ಸತ್ತಿದೀನಿ. ನೀನೇ ವಾಸಿ, ಮೂರಕ್ಕೇ ಗೊತ್ತಾಯ್ತು."

ಗೋಡೆ ಎಂಬವರು ಆವರೆಗೆ ಹತ್ತು ಮಾತೂ ಆಡಿದವರಲ್ಲ. ಆವತ್ತು, "ನಾನು ಒಳೀಕ್ ಹೋಗೋ ಮುಂಚೆ ಇಲ್ಲಿ ಕೈ ಮುಗೀತೀನಿ ತಾಯಿ," ಎಂದರು. ನಾಲ್ಕನೆಯ ಸಲ ಗೆದ್ದೆವು. ಹಿಂದಿನ ಎರಡು ಸಲದ ಆಸ್ಪತ್ರೆಯ ನಂತರ ನಾನು ಬಾಯಿಬಿಟ್ಟು ನಕ್ಕಿದ್ದು ಆವತ್ತೇ ಮೊದಲು. ಅಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದು, "ಏನಾಯ್ತೇ?" ಎಂದು ಬೆದರಿ ನೋಡಿದಳು.

ಹೀಗೆ ಬೇರೆ ಮಾತೂ ಆಗಾಗ ಬರುತ್ತಿತ್ತು. ಸೂಜಿಯಕ್ಕ ಹುಟ್ಟಿದ್ದು ಕುಣಿಗಲ್‌ನಲ್ಲಿ, ತಂದೆ ಕುದುರೆಗೆ ಲಾಳ ಕಟ್ಟುತ್ತಿದ್ದವರು. ಲಾಳ ಸರಿಯಿಲ್ಲದ ಕುದುರೆಯನ್ನು ಕಲ್ಲಿನ ಮೇಲೆ ನಡೆಸಬಾರದು ಎಂದು ಅವಳಿಗೆ ಐದನೇ ವಯಸ್ಸಿಗೇ ಗೊತ್ತಿತ್ತಂತೆ, ಆದರೂ ಬೂಟ್ಸ್ ಬಿಚ್ಚಿದೆ ನೋಡು ಎಂದು ತನ್ನನ್ನೇ ಹಂಗಿಸಿಕೊಳ್ಳುತ್ತಿದ್ದಳು. ಆಟಕ್ಕೆ ಬಂದಿದ್ದು ಮಗನ ದೆಸೆಯಿಂದ. ಕಾಲೇಜಿಗೆ ಹೋಗುವ ಮಗ ಇಡೀ ದಿನ ಫೋನು ಹಿಡಿದು ಯಾರನ್ನೋ ಬೈಯುತ್ತಿದ್ದ. ಅದ್ಯಾರು ನೋಡೇಬಿಡೋಣ ಎಂದು ಇವಳೂ ಒಳಗೆ ಹೋದಳು. ಅಮ್ಮ ಬಂದಳೆಂಬ ನಾಚಿಕೆಗೆ ಮಗ ಆಟ ಬಿಟ್ಟ, ಅಮ್ಮ ಉಳಿದುಕೊಂಡಳು. ಅವಳನ್ನು ಎಸ್ಸೆಸ್ಸೆಲ್ಸಿಗೇ ಶಾಲೆ ಬಿಡಿಸಿದ್ದರಂತೆ. "ಯಾರ್ಗಾದ್ರೂ ಪಾಠ ಹೇಳ್ಬೇಕು ಅಂತ ಭಾಳ ಆಸೆ ಇತ್ತು," ಎಂದಿದ್ದಳು ಒಮ್ಮೆ. ಇಷ್ಟೆಲ್ಲ ಹೇಳಿದರೂ ಹೆಸರು ಹೇಳಲಿಲ್ಲ. ನಾನೂ ನನ್ನ ಹೆಸರಾಗಲಿ, ಬಸುರಿ ಎಂಬುದಾಗಲಿ ಹೇಳಲಿಲ್ಲ. ರೂಲು ಅಂದರೆ ರೂಲು.

ಏಳು ತಿಂಗಳು ತುಂಬಿತು. ಒಂದು ಸೋಮವಾರ ಅಮ್ಮ ಹರಕೆ ಒಪ್ಪಿಸಲು ಯಡಿಯೂರಿಗೆ ಹೊರಟಳು. ಬೇಡ ಅಂದರೂ ಕೇಳಲಿಲ್ಲ. ಪಕ್ಕದ ಮನೆಯವರಿಗೆ ಹೇಳಿ, ಸಂಜೆಯೊಳಗೆ ಬರುತ್ತೇನೆ ಎಂದು ಬಸ್ಸು ಹತ್ತಿದಳು. ಪಕ್ಕದ ಮನೆಯವರು ಮಧ್ಯಾಹ್ನಕ್ಕೆ ಬೀಗ ಹಾಕಿಕೊಂಡು ಎಲ್ಲಿಗೋ ಹೋದರು.

ಎರಡೂವರೆಗೆ ನಾವು ಮತ್ತೊಂದು ಕಾಳಗದಲ್ಲಿದ್ದೆವು. ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು, ಬಿಟ್ಟಿತು. ಊಟದ ಗ್ಯಾಸು ಅಂದುಕೊಂಡೆ. ಮತ್ತೆ ಬಿಗಿಯಿತು. ಈ ಸಲ ಸೊಂಟದವರೆಗೂ ಬಂತು. ನನಗೆ ಒಳಗೊಳಗೇ ಗೊತ್ತಾಯಿತು. ಗೊತ್ತಾಗಿಯೂ ಫೋನು ಬಿಡಲಿಲ್ಲ. ತಂಡದಲ್ಲಿ ನಾನೊಬ್ಬಳೇ ಹೀಲರ್, ಎದ್ದು ಹೋದರೆ ಐದು ಜನ ಸಾಯುತ್ತಾರೆ, ನಡುವೆ ಬಿಟ್ಟು ಹೋಗಬಾರದು. ಇವತ್ತಿಗೆ ಹೇಳಿದರೆ ನಗು ಬರುತ್ತದೆ, ಆದರೆ ನಿಜ ಹೇಳುತ್ತೇನೆ, ಅದು ನೆಪ. ಎದ್ದರೆ ಈ ಸಲವೂ ಹೋಯಿತು ಎಂದು ಒಪ್ಪಿಕೊಂಡ ಹಾಗೆ ಎಂಬ ಹೆದರಿಕೆ. ಗೋಡೆಗೆ ಮದ್ದು ಹಾಕುತ್ತ, ಹಲ್ಲು ಕಚ್ಚಿಕೊಂಡು, ಕಾಲು ಗಂಟೆ ಕಳೆದೆ.

"ಮಲ್ಲಿಗೆ," ಎಂದಳು ಸೂಜಿಯಕ್ಕ. "ಉಸಿರು ಯಾಕೆ ಹಂಗೆ ಬುಡ್ತಿದೀಯ?"

"ಏನಿಲ್ಲ ಅಕ್ಕ."

"ಮೂರು ಹೆತ್ತಿದೀನಿ ನಾನು. ಎಷ್ಟು ತಿಂಗಳು?"

ನನಗೆ ಅಳು ಒತ್ತರಿಸಿ ಬಂತು. ಏಳು ಎಂದೆ. ಮನೆಯಲ್ಲಿ ಯಾರೂ ಇಲ್ಲ ಎಂದೆ. ಮುಗಿಸಿಬಿಡ್ತೀನಿ ಅಕ್ಕ, ಇನ್ನು ಸ್ವಲ್ಪವೇ ಇದೆ ಎಂದೂ ಅಂದೆನಂತೆ.

"ಬುಡು ಆಟ. ಮೊದ್ಲು ನಿಂಗೆ ಅಂತ ಎಷ್ಟು ಸಲ ಹೇಳಿದೀನಿ? ಊರು ಹೇಳು, ಮನೆ ಎಲ್ಲಿ ಹೇಳು."

"ಹೇಳಬಾರದು ಅಂದಿದ್ರಿ."

"ಆ ರೂಲು ಆಟಕ್ಕೆ ಕಣೇ. ಇದು ಆಟ ಅಲ್ಲ."

ಗುಬ್ಬಿ ಎಂದೆ, ಬೀದಿ ಹೇಳಿದೆ. ಅವಳು ಮಾತಾಡುವ ಮೊದಲೇ ಇನ್ನೊಂದು ದನಿ ಬಂತು. "ಎಲ್ಡು ಬೀದಿ ಆಚೆಗೇ ಇದೀನಿ ತಾಯಿ. ಬಾಗ್ಲು ಚಿಲ್ಕ ತೆಗ್ದಿಡಿ, ಬಂದೆ." ಗೋಡೆ ಗುರಾಣಿ ಕೆಳಗಿಟ್ಟಿದ್ದರು. ಪರದೆಯ ಮೇಲೆ ನಾವು ಆರು ಜನರೂ ಸತ್ತು ಬಿದ್ದಿದ್ದೆವು.

ಬಂದವರು ಅರವತ್ತು ದಾಟಿದ ಚನ್ನವೀರಯ್ಯ, ತೆಂಗಿನಕಾಯಿ ವ್ಯಾಪಾರದವರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಹಿಡಿದು ನಡೆಸಿ, ತಮ್ಮ ಓಮ್ನಿಯಲ್ಲಿ ಮಲಗಿಸಿದರು. ಚಪ್ಪಲಿ ಅಲ್ಲೇ ಮರೆತು, ಸೂಜಿಯಕ್ಕ ತನ್ನ ಊರಾದ ತುಮಕೂರಿನಲ್ಲಿ ಹೇಳಿದ ಆಸ್ಪತ್ರೆಯವರೆಗೆ ಬರಿಗಾಲಲ್ಲೇ ಗಾಡಿ ಓಡಿಸಿದರು. ದಾರಿಯುದ್ದಕ್ಕೂ ಫೋನಿನಲ್ಲಿ ಸೂಜಿಯಕ್ಕ ಉಸಿರು ಎಳೆ, ಬುಡು, ಎಳೆ ಎನ್ನುತ್ತಲೇ ಇದ್ದಳು. ಆಸ್ಪತ್ರೆಯ ಗೇಟಿನಲ್ಲಿ ಬುರ್ಖಾ ಹಾಕಿದ, ಕೊರಳಲ್ಲಿ ಅಳತೆ ಟೇಪು ಜೋಲಾಡುತ್ತಿದ್ದ ನಲವತ್ತೈದರ ಹೆಂಗಸೊಬ್ಬಳು ಗಾಲಿಕುರ್ಚಿ ಹಿಡಿದು ನಿಂತಿದ್ದಳು.

"ನಜೀರಾ," ಎಂದಳು ತನ್ನ ಎದೆ ಮುಟ್ಟಿಕೊಂಡು.

"ರೂಪಶ್ರೀ," ಎಂದೆ ನಾನು.

ಕುಯ್ದು ತೆಗೆದರು. ಹೆಣ್ಣು ಮಗು, ಒಂದೂವರೆ ಕೇಜಿಗಿಂತ ಒಂಚೂರು ಹೆಚ್ಚು. ತಡ ಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಗುವನ್ನು ನನಗೆ ತೋರಿಸುವ ಮೊದಲೇ ಒಯ್ದು ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಯಡಿಯೂರಿನಿಂದ ಓಡಿ ಬಂದ ಅಮ್ಮನೂ, ಕುಣಿಗಲ್‌ನಿಂದ ಬಂದ ಗಂಡನೂ ಗಾಜಿನಾಚೆಯಿಂದ ನೋಡಿ ಬಂದರು. ನನ್ನನ್ನು ಎರಡು ದಿನ ಏಳಲು ಬಿಡಲಿಲ್ಲ. ನಜೀರಕ್ಕ ಅಂಗಡಿ ಬಾಗಿಲು ಹಾಕಿ ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಮಂಚದ ಬಳಿ ಕೂರುತ್ತಿದ್ದಳು. ಅಮ್ಮ ಅವಳಿಗೂ ವಿಭೂತಿ ಕೊಡಲು ಹೋಗಿ, ತಡೆದುಕೊಂಡು, ಕೊನೆಗೆ ಯಡಿಯೂರಿನ ಕಲ್ಲುಸಕ್ಕರೆ ಕೊಟ್ಟಳು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಇವಳಿಗೆ ನಾನು ಎಷ್ಟು ಕೃತಜ್ಞಳು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಎರಡೂ ಸಲ "ಸುಮ್ನೆ ಮಲ್ಕೊ" ಎಂದು ಗದರಿದಳು.

ಮೂರನೆಯ ದಿನ ಮಗುವನ್ನು ನೋಡಬಹುದು ಎಂದರು. ನಜೀರಕ್ಕನ ತೋಳು ಹಿಡಿದು ಆ ವಾರ್ಡಿನ ಬಾಗಿಲವರೆಗೆ ನಡೆದೆ. ಅಲ್ಲಿ ಕಾಲು ನಿಂತುಹೋಯಿತು. ಹೋಗಿದ್ದ ಎರಡನ್ನೂ ನಾನು ಕಣ್ಣಿಂದ ನೋಡಿರಲಿಲ್ಲ. ನೋಡಿದ ಮೇಲೆ ಇದೂ ಹೋದರೆ ನಾನು ಬದುಕಲಾರೆ ಎನಿಸಿತು. ಒಳಗಿಂದ ಸಿಸ್ಟರ್ ಹೇಳಿದರು:

"ಚಪ್ಪಲಿ ಹೊರಗೆ ಬಿಟ್ಟು ಬನ್ನಿ."

ಹೊಲಿಗೆ ಹಾಕಿದ ಹೊಟ್ಟೆ, ಬಗ್ಗಲು ಆಗುತ್ತಿರಲಿಲ್ಲ. ಬಗ್ಗಲು ಮನಸ್ಸೂ ಇರಲಿಲ್ಲ. ನಜೀರಕ್ಕ ನನ್ನ ಕಾಲ ಬುಡದಲ್ಲಿ ಕೂತು, ಒಂದೊಂದೇ ಪಾದ ಎತ್ತಿ ಚಪ್ಪಲಿ ಬಿಡಿಸಿದಳು. ಬೇಡ ಅಕ್ಕ ಎಂದರೂ ಕೇಳಲಿಲ್ಲ. ಅವನ್ನು ಜೋಡಿಸಿ ಗೋಡೆಗೆ ಒರಗಿಸಿಟ್ಟು, ತಲೆಯೆತ್ತಿ ನನ್ನನ್ನು ನೋಡಿದಳು.

"ಇಲ್ಲಿ ಬಿಚ್ಬೋದು ಮಲ್ಲಿಗೆ," ಎಂದಳು. "ಹೋಗು, ನಾನ್ ಇಲ್ಲೇ ಇರ್ತೀನಿ."

ನಾನು ಹೊಸಿಲು ದಾಟಿದೆ. ಒಳಗಿನ ನೆಲ ತಣ್ಣಗಿತ್ತು.