ನಾಲ್ಕನೆಯ ಸ್ಕ್ರೂ

ಮೊಟ್ಟೆಯಕ್ಕ ತನ್ನ ದೋಣಿಯನ್ನು ಅಂಟಣ್ಣನ ಶೆಡ್ಡಿನ ಮುಂದೆಯೇ ತಳ್ಳಿಸಿಕೊಂಡು ಹೋಗಿ, ಎದುರು ಶೆಡ್ಡಿನಲ್ಲಿ ಇಳಿಸಿದಳು. ಹಿಂದಿನಿಂದ ಒಂದು ದಾರಿ ಇತ್ತು. ಮನಸ್ಸು ಮಾಡಿದ್ದರೆ ಹಾಗೆ ಹೋಗಬಹುದಿತ್ತು. ಮಾಡಲಿಲ್ಲ. ಅಷ್ಟು ಹೊತ್ತೂ ಅಂಟಣ್ಣ ಖಾಲಿ ರೆಸಿನ್ ಡಬ್ಬದೊಳಗೆ ಏನೋ ಮುಖ್ಯವಾದದ್ದು ಬಿದ್ದುಹೋಗಿದೆ ಎಂಬಂತೆ ತಲೆ ತೂರಿಸಿಕೊಂಡು ಕೂತಿದ್ದ.

ಎದುರು ಶೆಡ್ಡು ಅವನ ಷಡ್ಡಕನದು. ಹೆಂಡತಿಯ ತಂಗಿಯ ಗಂಡ.

ಫೈಬರ್ ದೋಣಿಗಳಿಗೆ ತೇಪೆ ಹಾಕುವುದರಲ್ಲಿ ಅಂಟಣ್ಣನಿಗೆ ಇಪ್ಪತ್ತೆರಡು ವರ್ಷದ ಅನುಭವ. ರೆಸಿನ್ ಕಲಸಿ ಕಲಸಿ ಅವನ ಕೈಗೆ ಏನು ಸಿಕ್ಕರೂ ಅಂಟಿಕೊಳ್ಳುತ್ತಿತ್ತು: ಬಾಗಿಲ ಚಿಲಕ, ಚಹಾದ ಲೋಟ, ಒಮ್ಮೆ ಮದುವೆಮನೆಯಲ್ಲಿ ಕೈ ಕುಲುಕಲು ಬಂದ ವರನ ತಂದೆ. ಹೆಸರು ಬಂದದ್ದು ಹಾಗೆ. ಆದರೆ ಅವನ ನಿಜವಾದ ಹೆಮ್ಮೆ ಕೈಯದಲ್ಲ, ಕಿವಿಯದು. ದೋಣಿಯ ತಳಕ್ಕೆ ನಾಣ್ಯದಿಂದ ಕುಟ್ಟುತ್ತಾ ಹೋಗುವನು. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಪದರ ಬಿಟ್ಟಿದೆ, ನೀರು ಕುಡಿದಿದೆ. ಅಲ್ಲಿ ಸೀಮೆಸುಣ್ಣದಲ್ಲಿ ಸೊನ್ನೆ ಎಳೆದು, ಕೊಳೆತದ್ದನ್ನು ಉಜ್ಜಿ ತೆಗೆದು, ಒಣಗಿಸಿ, ಗಾಜಿನ ನಾರಿನ ಚಾಪೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ರೆಸಿನ್ ಕುಡಿಸುವನು. ಆ ತೇಪೆ ಆನೆ ತುಳಿದರೂ ಬಿಡುತ್ತಿರಲಿಲ್ಲ. ನೋಡುವುದಕ್ಕೆ ಮಾತ್ರ ಆನೆ ಆಗಲೇ ತುಳಿದಂತಿರುತ್ತಿತ್ತು.

ಷಡ್ಡಕನಿಗೆ ವಿದ್ಯೆ ಕಲಿಸಿದವನೂ ಇವನೇ. ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸ ಬಿಟ್ಟು ಬಂದ ಆ ಮನುಷ್ಯ ಮೂರು ವರ್ಷ "ಅಣ್ಣಾ, ಅಣ್ಣಾ" ಎಂದು ಹಿಂದೆ ಸುತ್ತಿ, ಕೊನೆಗೆ ಸರಿಯಾಗಿ ಎದುರಿಗೇ ಶೆಡ್ಡು ಹಾಕಿದ. ಅವನು ರಿಪೇರಿ ಮಾಡಿದ ದೋಣಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಜನ ಬಾಚುತ್ತಲೂ ಇದ್ದರು.

"ತಲೆ ಬಾಚೋಕೆ ದೋಣಿ ಯಾಕ್ರಯ್ಯಾ, ಮನೇಲಿ ಕನ್ನಡಿ ಇಲ್ವಾ?" ಎಂದು ಅಂಟಣ್ಣ ಮೂಗು ಮುರಿಯುತ್ತಿದ್ದ. ಅವನ ಸ್ವಂತ ತಲೆಯಲ್ಲಿ ಬಾಚಲು ಏನೂ ಉಳಿದಿರಲಿಲ್ಲ ಎಂಬುದು ಬೇರೆ ಮಾತು.

ಹೊಟ್ಟೆಯುರಿ ಹೀಗೆ ಏರುತ್ತಿದ್ದಾಗ ಅವನಿಗೊಂದು ಉಪಾಯ ಹೊಳೆಯಿತು. ಅಲ್ಯೂಮಿನಿಯಂ ತಗಡಿನಲ್ಲಿ ಅಂಗೈಯಗಲದ ಫಲಕಗಳನ್ನು ಮಾಡಿಸಿದ: 'ಎಡಗಡೆ ಶೆಡ್ಡಿನ ಕೆಲಸ'. ದೋಣಿಕಟ್ಟೆಗೆ ಇಳಿಯುವ ರಸ್ತೆಯಲ್ಲಿ ಅವನದು ಎಡಗಡೆ, ಷಡ್ಡಕನದು ಬಲಗಡೆ. ತಾನು ಮುಟ್ಟಿದ ಪ್ರತಿ ದೋಣಿಯ ಹಿಂಬದಿಯ ಗೋಡೆಗೆ, ಹಿಂದೆ ಬರುವವರಿಗೆ ಚೆನ್ನಾಗಿ ಕಾಣುವಂತೆ, ನಾಲ್ಕು ಸ್ಕ್ರೂ ಹಾಕಿ ಬಿಗಿಯತೊಡಗಿದ.

"ಅಂಟಿಸೋದೇ ನಿಮ್ಮ ಕಸುಬು. ಇದನ್ನೊಂದು ಅಂಟಿಸೋಕಾಗಲ್ವೇನ್ರೀ?" ಎಂದಳು ಹೆಂಡತಿ.

"ಅಂಟಿಸಿದ್ರೆ ನಿನ್ನ ತಂಗಿ ಗಂಡ ರಾತ್ರೋರಾತ್ರಿ ಕಿತ್ತು ಹಾಕ್ತಾನೆ."

"ಪಾಪ, ಅವರಿಗೆ ನಿಮ್ಮ ತಗಡು ಕೀಳೋದೊಂದೇ ಕೆಲಸ ನೋಡಿ!"

ಮೊದಲ ಫಲಕ ಹೋದದ್ದು ಮೊಟ್ಟೆಯಕ್ಕನ ದೋಣಿಗೆ. ದಿನಾ ಬೆಳಿಗ್ಗೆ ಆಚೆ ದಡದ ಅಂಗಡಿಗಳಿಗೆ ಮೊಟ್ಟೆ ಸಾಗಿಸುವ ಆಕೆ ಅಂಟಣ್ಣನ ಮೊತ್ತಮೊದಲ ಗಿರಾಕಿ. "ನೀರು ಬಂದ್ರೆ ಅಂಟಣ್ಣನ ಹತ್ರ ಹೋಗಿ" ಎಂದು ಇಪ್ಪತ್ತೆರಡು ವರ್ಷ ದೋಣಿಕಟ್ಟೆಗೆಲ್ಲ ಸಾರಿದವಳು. ಆಕೆಯ ಬಾಯಿಂದ ಬಂದ ಹೆಸರು ಆಕೆಯ ಬಾಯಿಂದಲೇ ಹೋಗಬಹುದು ಎಂಬ ಭಯ ಅವನಿಗೆ ಮೊದಲಿನಿಂದಲೂ ಇತ್ತು.

ಫಲಕ ಹಾಕಿದ ವಾರಕ್ಕೇ ಆಕೆ ಬಂದಳು. "ಒಳಗೆ ನೀರು ಬರ್ತಿದೆ ಕಣಪ್ಪಾ. ಕೆಳಗಿನ ಟ್ರೇ ನೆಂದು ಮೆತ್ತಗಾಗಿ ಮೂವತ್ತು ಮೊಟ್ಟೆ ಒಡೆದುಹೋಯ್ತು."

ಅಂಟಣ್ಣ ದೋಣಿಯನ್ನು ಮರದ ಸ್ಟ್ಯಾಂಡುಗಳ ಮೇಲೇರಿಸಿ, ಒಳಗೆ ಗೇಣೆತ್ತರ ನೀರು ತುಂಬಿ, ಹೊರಗಿನಿಂದ ಪೌಡರ್ ಬಳಿದು ಕಾದ. ತೂತಿದ್ದರೆ ಪೌಡರ್ ಒದ್ದೆಯಾಗಬೇಕು. ಆಗಲಿಲ್ಲ. ಕುಟ್ಟಿ ನೋಡಿದ, ತಳವೆಲ್ಲ ಟಣ್. ಸುಮ್ಮನೆ ಕಳಿಸಿದರೆ ಚೆನ್ನಾಗಿರುವುದಿಲ್ಲವೆಂದು ಎರಡು ತೇಪೆ ಹಾಕಿದ. ಖಾಲಿ ದೋಣಿಯನ್ನು ನೀರಿಗೆ ಬಿಟ್ಟು ಒಂದು ಗಂಟೆ ಕಾದ. ಒಂದು ಹನಿ ಇಲ್ಲ. ಮರುದಿನ ಮತ್ತೆ ಇಪ್ಪತ್ತು ಮೊಟ್ಟೆ.

ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಅವನು ತಾಳ್ಮೆಗೆಟ್ಟು, "ಅಕ್ಕಾ, ನೀವು ಒದ್ದೆ ಕಾಲಲ್ಲಿ ಹತ್ತುತ್ತೀರಿ, ಆ ನೀರೇ ಇದು" ಎಂದುಬಿಟ್ಟ.

"ನನ್ನ ಕಾಲಿಂದ ಎರಡು ಬಕೆಟ್ ನೀರು ಬರೋಕೆ ನಾನೇನು ನಲ್ಲಿನಾ?" ಎಂದು ಆಕೆ ಎದ್ದು ಹೋದಳು. ಹೋದದ್ದು ನೇರವಾಗಿ ಎದುರು ಶೆಡ್ಡಿಗೆ.

ಮೂರು ದಿನ ಅಂಟಣ್ಣನಿಗೆ ಅನ್ನ ಸೇರಲಿಲ್ಲ. ತನಗೆ ಸಿಗದ ತೂತು ಷಡ್ಡಕನಿಗೂ ಸಿಗದಿರಲಿ ಎಂದು ಒಂದು ಗಳಿಗೆ ಆಸೆಪಡುವನು. ಮರುಗಳಿಗೆ ಮೊಟ್ಟೆಗಳ ನೆನಪಾಗಿ ನಾಚಿಕೆಪಡುವನು. ನಾಚಿಕೆ ಮುಗಿದ ಮೇಲೆ ಮತ್ತೆ ಆಸೆಪಡುವನು. ನಾಲ್ಕನೆಯ ಬೆಳಿಗ್ಗೆ ಮೊಟ್ಟೆಯಕ್ಕ ಆಚೆ ದಡದಿಂದ ವಾಪಸಾದಾಗ ಟ್ರೇಗಳು ಗರಿಗರಿಯಾಗಿ ಒಣಗಿದ್ದವು. ಫಿನಿಶಿಂಗ್ ಬಾಕಿ ಇದೆಯೆಂದು ದೋಣಿಯನ್ನು ಪುನಃ ಷಡ್ಡಕನ ಶೆಡ್ಡಿನಲ್ಲಿ ಬಿಟ್ಟು ಹೋದಳು.

ಮಧ್ಯಾಹ್ನ ಷಡ್ಡಕ ಊಟಕ್ಕೆ ಹೋದದ್ದನ್ನು ನೋಡಿಕೊಂಡು ಅಂಟಣ್ಣ ನಾಣ್ಯ ಹಿಡಿದು ನುಗ್ಗಿದ. ನೆಲ ಗುಡಿಸಿತ್ತು, ಬ್ರಶ್ಶುಗಳು ಎತ್ತರದ ಪ್ರಕಾರ ನೇತಾಡುತ್ತಿದ್ದವು. ಅದಕ್ಕೂ ಅವನ ಹೊಟ್ಟೆ ಉರಿಯಿತು. ದೋಣಿಯ ತಳದಲ್ಲಿ ಹೊಸ ತೇಪೆಯೇ ಇರಲಿಲ್ಲ! ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ಕುಟ್ಟುತ್ತಾ ಕುಟ್ಟುತ್ತಾ ಹಿಂಬದಿಗೆ ಬಂದ. ಅಲ್ಲಿ ಅವನ ಫಲಕ ಇತ್ತು. ಸ್ಕ್ರೂ ಇರಲಿಲ್ಲ. ಉಗುರು ತೂರಿಸಿ ಎಬ್ಬಿಸಲು ನೋಡಿದ.

"ಅಣ್ಣಾ, ಎಳೀಬೇಡ. ಅಂಟು ಇನ್ನೂ ಹಸಿ."

ಬಾಗಿಲಲ್ಲಿ ಷಡ್ಡಕ ನಿಂತಿದ್ದ, ಕೈ ಒರೆಸಿಕೊಳ್ಳುತ್ತಾ.

"ಹೀಗೇ ಬಂದೆ," ಎಂದ ಅಂಟಣ್ಣ, ಮಂಡಿಯೂರಿದ ಭಂಗಿಯಲ್ಲೇ. "ಎಲ್ಲಿತ್ತು ತೂತು?"

ಷಡ್ಡಕ ಮೇಜಿನ ಮೇಲಿದ್ದ ಬಾಟಲಿಯ ಮುಚ್ಚಳವನ್ನು ತಂದು ತೋರಿಸಿದ. ಅದರಲ್ಲಿ ನಾಲ್ಕು ಸ್ಕ್ರೂ. ಮೂರರ ಮೈಗೆ ನೀರು ತಡೆಯುವ ಬಿಳಿ ಅಂಟು ಮೆತ್ತಿಕೊಂಡಿತ್ತು. ನಾಲ್ಕನೆಯದು ಬೋಳು, ಪೂರ್ತಿ ತುಕ್ಕು.

ಅಂಟಣ್ಣನಿಗೆ ಆ ದಿನ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಮೂರು ಸ್ಕ್ರೂಗೆ ಅಂಟು ಬಳಿದು ತಿರುಗಿಸಿದ್ದ. ನಾಲ್ಕನೆಯದನ್ನು ಎತ್ತಿಕೊಳ್ಳುವಾಗ ಷಡ್ಡಕ ಹೊಸ ಪಾಲಿಶ್ ಯಂತ್ರವನ್ನು ಹೆಗಲ ಮೇಲಿಟ್ಟುಕೊಂಡು ಎದುರಿಗೆ ಹಾದುಹೋಗಿದ್ದ. ಇವನ ಕಣ್ಣು ಅದರ ಹಿಂದೆಯೇ ಹೋಯಿತು. ಕೈ ಮಾತ್ರ ಇಲ್ಲಿ ಸ್ಕ್ರೂ ತಿರುಗಿಸಿತ್ತು.

"ದೋಣಿ ಖಾಲಿ ಇದ್ದಾಗ ಈ ಸ್ಕ್ರೂ ತೂತು ನೀರಿಂದ ಮೇಲೇ ಇರತ್ತಣ್ಣಾ," ಎಂದ ಷಡ್ಡಕ ಮೆಲ್ಲಗೆ. "ನನಗೂ ಎರಡು ದಿನ ಸಿಗಲಿಲ್ಲ. ಕೊನೆಗೆ ಅಕ್ಕಂಗೆ, ದಿನಾ ಹೇಗೆ ಹೋಗ್ತೀರೋ ಹಾಗೇ ಮೊಟ್ಟೆ ತುಂಬ್ಕೊಂಡು ಕೂತ್ಕೊಳ್ಳಿ ಅಂದೆ. ಅವರು ಕೂರೋದು ಹಿಂದೆ. ಹಿಂಬದಿ ಇಳೀತು, ನೀರು ಬಂತು."

ಇಪ್ಪತ್ತೆರಡು ವರ್ಷದಲ್ಲಿ ಅಂಟಣ್ಣ ದೋಣಿಗಳನ್ನು ಕುಟ್ಟಿ ಕೇಳಿದ್ದನೇ ಹೊರತು, ದೋಣಿಯವರನ್ನು ಒಂದು ಮಾತು ಕೇಳಿರಲಿಲ್ಲ.

"ಅಕ್ಕಂಗೆ ಏನ್ ಹೇಳ್ದೆ?"

"ಕೂದಲೆಳೆಯಷ್ಟು ಬಿರುಕಿತ್ತು, ಅಣ್ಣನ ತೇಪೆ ಎಲ್ಲಾ ಕಲ್ಲಿನ ಹಾಗಿವೆ ಅಂದೆ. ತೂತುಗಳನ್ನ ನಿನ್ನೇನೇ ಮುಚ್ಚಿದ್ದೆ, ಬೋರ್ಡು ಈಗ ವಾಪಸ್ ಅಂಟಿಸಿದೀನಿ."

ಬೈದಿದ್ದರೆ ಅಂಟಣ್ಣ ತಿರುಗಿ ಬೈಯುತ್ತಿದ್ದ. ನಕ್ಕಿದ್ದರೆ ಜನ್ಮವಿಡೀ ದ್ವೇಷಿಸಬಹುದಿತ್ತು. ಇದಕ್ಕೇನು ಮಾಡುವುದು? ಹೊಳಪಿನಲ್ಲಿ ಗೆದ್ದ, ತೂತು ಹುಡುಕುವುದರಲ್ಲಿ ಗೆದ್ದ, ಈಗ ಒಳ್ಳೆಯತನದಲ್ಲೂ ಗೆದ್ದು ನಿಂತಿದ್ದಾನೆ ಕಳ್ಳ! ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ.

"ಎಷ್ಟು ದೊಡ್ಡ ಮನಸ್ಸು ನೋಡಿ," ಎಂದಳು ಅವಳು.

ಅಷ್ಟೇ ಸಾಕಾಯಿತು. ಅಂಟಣ್ಣ ಚಪ್ಪಲಿ ಮೆಟ್ಟಿ ಹೊರಟ. ಸುಳ್ಳು ಹೇಳಿ ಕಾಪಾಡುವುದು ಷಡ್ಡಕನ ದೊಡ್ಡತನವಾದರೆ, ನಿಜ ಹೇಳಿ ಮರ್ಯಾದೆ ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡತನ. ಈ ಒಂದರಲ್ಲಾದರೂ ಅವನನ್ನು ಸೋಲಿಸಬೇಕು.

ಮೊಟ್ಟೆಯಕ್ಕ ಮನೆಯ ಜಗಲಿಯಲ್ಲಿ ಟ್ರೇ ಜೋಡಿಸುತ್ತಿದ್ದಳು. "ಅಕ್ಕಾ, ಬಿರುಕಲ್ಲ ಅದು. ನನ್ನ ಬೋರ್ಡಿನ ಸ್ಕ್ರೂ. ಅಂಟು ಹಾಕೋದು ಮರೆತಿದ್ದೆ. ನಿಮ್ಮ ಐವತ್ತು ಮೊಟ್ಟೆ ಒಡೆದವನು ನಾನೇ."

"ಅರವತ್ತೆರಡು," ಎಂದಳು ಆಕೆ, ತಲೆ ಎತ್ತದೆ. "ಗೊತ್ತು ಕಣಪ್ಪಾ. ನೀರು ಚಿಮ್ಮುವಾಗ ಅಲ್ಲೇ ಕೂತಿದ್ದವಳು ನಾನಲ್ವಾ? ನಿನ್ನ ಷಡ್ಡಕ 'ನೀವು ನೋಡಿಲ್ಲ ಅಂದ್ಕೊಳ್ಳಿ ಅಕ್ಕಾ' ಅಂದ. ಅಂದ್ಕೊಂಡೆ."

ಇಲ್ಲೂ ಷಡ್ಡಕನೇ ಮುಂಚೆ ಬಂದು ಹೋಗಿದ್ದ.

"ಹಾಗಾದ್ರೆ ಮುಂದೆ ದೋಣಿ..." ಎಂದ ಅಂಟಣ್ಣ.

ಆಕೆ ಈಗ ತಲೆ ಎತ್ತಿದಳು. "ನೀನು ಬಂದು ಹೇಳ್ತೀಯಾ ಇಲ್ವಾ ಅಂತ ಕಾಯ್ತಿದ್ದೆ. ತಳ ಒಡೆದ್ರೆ ನಿನ್ನ ಹತ್ರಾನೇ ತರ್ತೀನಿ. ಆದ್ರೆ ಇನ್ನೊಂದು ತಗಡು ಹೊಡೆದ್ಯೋ, ಒಡೆದ ಮೊಟ್ಟೇನೆಲ್ಲ ನಿನ್ನ ತಲೆ ಮೇಲೇ ಹಾಕ್ತೀನಿ."

ಆದರೆ ಅಂಥವೇ ಫಲಕಗಳು ಇನ್ನೂ ಹನ್ನೊಂದು ದೋಣಿಗಳ ಹಿಂದೆ ತೇಲುತ್ತಿದ್ದವು. ಅವನ್ನು ಬಿಗಿಯುವಾಗೆಲ್ಲ ತನ್ನ ಕಣ್ಣು ಎಲ್ಲಿತ್ತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನದಿಂದಲೇ ಒಂದೊಂದಾಗಿ ದೋಣಿಗಳನ್ನು ಕರೆಸಿಕೊಂಡು, ಫಲಕ ಬಿಚ್ಚಿ, ತೂತುಗಳಿಗೆ ರೆಸಿನ್ ತುಂಬತೊಡಗಿದ. ಮೊದಲ ದೋಣಿ ಬಂದಾಗ ಎಂದಿನಂತೆ ರಸ್ತೆಗೆ ಮುಖ ಮಾಡಿ ಕೂತಿದ್ದವನು, ಒಂದು ಕ್ಷಣ ಯೋಚಿಸಿ ಎದ್ದು, ಸ್ಟೂಲನ್ನು ತಿರುಗಿಸಿ ಗೋಡೆಯ ಕಡೆ ಹಾಕಿಕೊಂಡ. ಈಗ ಎದುರು ಶೆಡ್ಡು ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಬೆನ್ನ ಹಿಂದೆ ಪಾಲಿಶ್ ಯಂತ್ರ ಶುರುವಾಯಿತು. ಅಂಟಣ್ಣನ ಕುತ್ತಿಗೆ ಅರ್ಧ ತಿರುಗಿ, ಮತ್ತೆ ಕೆಲಸಕ್ಕೆ ಮರಳಿತು. ಆದರೆ ಕಿವಿ ಅವನ ಮಾತು ಕೇಳಬೇಕಲ್ಲ. ಎಷ್ಟು ನುಣ್ಣಗೆ ಓಡುತ್ತಿದೆ ಹಾಳಾದ್ದು, ಒಂದು ಚೂರೂ ಸದ್ದು ಕೆಟ್ಟಿಲ್ಲ, ಎಂದುಕೊಂಡು ಹಲ್ಲು ಕಡಿಯುತ್ತಾ ಅವನು ತೂತಿಗೆ ಇನ್ನೊಂದು ಹನಿ ರೆಸಿನ್ ಬಿಟ್ಟ.