ಆಯನೂರು ರಸ್ತೆಯಲ್ಲಿ ನಿಂತ ಟ್ರ್ಯಾಕ್ಟರ್

ಚೊಚ್ಚಲ ಹೆರಿಗೆಗೆ ಮಗಳನ್ನು ಕರೆದುಕೊಂಡು ಹೋಗಲು ನಮ್ಮತ್ತೆ ಭದ್ರಾವತಿಯಿಂದ ಬಂದಿದ್ದರು. ಹೊರಡುವುದು ಮುಂದಿನ ವಾರವೆಂದು ಮಾತಾಗಿತ್ತು. ಕಡುಬೇಸಿಗೆ. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ನನ್ನ ಹೆಂಡತಿ ಪೊರಕೆ ಹಿಡಿದುಕೊಂಡೇ ಕಂಬಕ್ಕೆ ಒರಗಿ ನಿಂತುಬಿಟ್ಟಳು. ಎಂಟು ತಿಂಗಳು ಇನ್ನೂ ತುಂಬಿರಲಿಲ್ಲ.

ಅತ್ತೆ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, ನೋವು ಬಂದು ಹೋಗುವವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಸುಳ್ಳು ನೋವಲ್ಲ ಅಳಿಯಂದ್ರೇ. ದಿನ ತುಂಬದ ಕೂಸು, ಇಲ್ಲಿ ಹುಟ್ಟಿದ್ರೆ ಉಳಿಸ್ಕೊಳ್ಳೋದು ಕಷ್ಟ. ಶಿವಮೊಗ್ಗದ ಆಸ್ಪತ್ರೆಗೆ ಹೋಗಿಬಿಡೋಣ," ಎಂದರು.

ನಮ್ಮೂರು ಆಯನೂರಿನಿಂದ ಒಳಕ್ಕೆ. ಬೆಳಗಿನ ಬಸ್ಸು ಆಗಲೇ ಹೋಗಿತ್ತು, ಇನ್ನೊಂದು ಬರುವುದು ಮಧ್ಯಾಹ್ನದ ಮೇಲೆ. ಟ್ರ್ಯಾಕ್ಟರ್ ತಂದಾಗ ಎತ್ತುಗಳನ್ನು ಮಾರಿಬಿಟ್ಟಿದ್ದೆವು. ಹಾಗಾಗಿ ಉಳಿದದ್ದು ಆ ಟ್ರ್ಯಾಕ್ಟರ್ ಒಂದೇ. ಭದ್ರಾವತಿ ಕಡೆಯ ಕಬ್ಬಿನ ಗದ್ದೆಗಳಲ್ಲಿ ದುಡಿದು ಸೋತಿದ್ದ ಹಳೆಯ ಗಾಡಿ ಅದು. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಬ್ಯಾಟರಿ ಇಲ್ಲ. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ, ಬೆಲ್ಲದ ಅಚ್ಚಿನಷ್ಟು ದಪ್ಪದ ಮ್ಯಾಗ್ನೆಟೊ ತಾನೇ ಕರೆಂಟು ಹುಟ್ಟಿಸಿ ಪ್ಲಗ್ಗುಗಳಿಗೆ ಕಿಡಿ ಕೊಡುತ್ತಿತ್ತು. ಅದನ್ನು ಮೊದಲಿನಿಂದ ನೋಡಿಕೊಂಡಿದ್ದ ಭದ್ರಾವತಿಯ ತಮಿಳು ಮೇಸ್ತ್ರಿ, ಗಾಡಿ ನನ್ನ ಕೈಗೆ ಬಂದಾಗ ಹೇಳಿಕೊಟ್ಟಿದ್ದ: "ನಿಂತ್ರೆ ಗಾಬರಿ ಬೇಡ ಸಾರ್. ಮೊದ್ಲು ಎಣ್ಣೆ ನೋಡಿ, ಆಮೇಲೆ ಕಿಡಿ ನೋಡಿ."

ಟ್ರೇಲರಿಗೆ ಹುಲ್ಲು ಹಾಸಿ, ಮೇಲೆ ಹಾಸಿಗೆ ಹಾಕಿ, ಅವಳನ್ನು ಮಲಗಿಸಿದೆವು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಆಯನೂರು ದಾಟುವವರೆಗೆ ಏನೂ ತೊಂದರೆಯಾಗಲಿಲ್ಲ. ಆಮೇಲೆ ಒಂದು ಏರಿನಲ್ಲಿ ಎಂಜಿನ್ನು ಮುಗ್ಗರಿಸಿತು, ಹೊಗೆಕೊಳವೆಯಿಂದ ಪಟಾಕಿಯಂತೆ ಸದ್ದು ಬಂತು, ನಿಂತುಹೋಯಿತು.

ಹ್ಯಾಂಡಲ್ ಹಾಕಿ ತಿರುಗಿಸಿದೆ. ಉಸಿರೇ ಇಲ್ಲ. ಪೆಟ್ರೋಲಿಗೆ ತಿರುಗಿಸಿ ನೋಡಿದೆ, ಪೆಟ್ರೋಲ್ ಸರಾಗವಾಗಿ ಇಳಿಯುತ್ತಿತ್ತು. ಹಾಗಾದರೆ ಕಿಡಿಯದ್ದೇ ತಕರಾರು. ಒಂದು ಪ್ಲಗ್ಗು ಬಿಚ್ಚಿ, ವೈರು ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗುವಂತೆ ಮಲಗಿಸಿದೆ. ಹ್ಯಾಂಡಲ್ ತಿರುಗಿಸುತ್ತಲೇ ಅದನ್ನು ನೋಡಲು ನನಗಾಗುವುದಿಲ್ಲ. ಅತ್ತೆಯನ್ನು ಕರೆದೆ.

"ಕಿಡಿ ಬರುತ್ತಾ ನೋಡಿ ಅತ್ತೆ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದರು. "ಏನೂ ಇಲ್ಲ."

"ಈಗ?"

"ಇಲ್ಲಪ್ಪ. ಕಪ್ಪಗೇ ಇದೆ."

ಮ್ಯಾಗ್ನೆಟೊದ ಮುಚ್ಚಳ ತೆಗೆದು ಒರೆಸಿದೆ. ಒಳಗೆ ತೆರೆದು ಮುಚ್ಚುವ ಪಾಯಿಂಟುಗಳು ಮಸಿಯಾಗಿದ್ದವು. ಬೆಂಕಿಪೊಟ್ಟಣದ ಗೀರುವ ಪಟ್ಟಿ ಹರಿದು ಅವುಗಳ ನಡುವೆ ಎಳೆದು ಉಜ್ಜಿದೆ. ಮತ್ತೆ ತಿರುಗಿಸಿದಾಗ ಅತ್ತೆ, "ಹಳದಿಗೆ ಒಂಚೂರು ಮಿಣುಕ್ತು, ಹೋಯ್ತು," ಎಂದರು. ಹಳದಿ ಕಿಡಿಗೆ ಎಂಜಿನ್ನು ಹೊತ್ತಿಕೊಳ್ಳುವುದಿಲ್ಲ. ಟ್ರೇಲರಿನಿಂದ ನನ್ನ ಹೆಂಡತಿ ಹಲ್ಲು ಕಚ್ಚಿ ನರಳುವುದು ಕೇಳುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಶಿವಮೊಗ್ಗಕ್ಕೆ ಸೌದೆ ಹೇರಿಕೊಂಡು ಹೊರಟಿದ್ದ ಎತ್ತಿನಗಾಡಿಯೊಂದು ಬಂತು. ಗಾಡಿಯವನು ಇಳಿದು ಬಂದು ನೋಡಿದ. ಏನನ್ನೂ ಕೇಳದೆ ಸೌದೆಯನ್ನೆಲ್ಲ ರಸ್ತೆಯ ಬದಿಗೆ ಉರುಳಿಸಿದ.

"ಹಾಸಿಗೆ ಈ ಕಡೆ ತನ್ನಿ ಮಾರಾಯ್ರೆ. ನಾನು ಮೆಲ್ಲಕೆ ಹೊಡ್ಕಂಡು ಹೋಗ್ತಿರ್ತೀನಿ. ನಿಮ್ಮ ಗಾಡಿ ಹೊರಟ್ರೆ ದಾರಿ ಮೇಲೆ ಸಿಕ್ಕೇ ಸಿಕ್ತೀವಿ," ಎಂದ.

ಅವಳನ್ನು ಎತ್ತಿ ಗಾಡಿಗೆ ಸಾಗಿಸುವಾಗ ಅವಳು ನನ್ನ ಅಂಗಿಯ ಕೈ ಹಿಡಿದುಕೊಂಡಳು. "ನೀವೂ ಬನ್ನಿ ರೀ."

"ಟ್ರ್ಯಾಕ್ಟರ್ ಶುರುವಾದ್ರೆ ಬೇಗ ಮುಟ್ಟಬಹುದು. ಹಿಂದೆನೇ ಬರ್ತೀನಿ, ನೀನು ಹೋಗಿರು," ಎಂದೆ. ಅವಳು ಕೈ ಬಿಟ್ಟಳು. ಅತ್ತೆ ಅವಳ ಪಕ್ಕಕ್ಕೆ ಹತ್ತಿ ಕುಳಿತರು.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಮತ್ತೆ ಕೆಲಸಕ್ಕೆ ಬಗ್ಗಿದೆ. ಮ್ಯಾಗ್ನೆಟೊ ಮುಟ್ಟಿದರೆ ಕೈ ಸುಟ್ಟಿತು. ಆಗ ಹೊಳೆಯಿತು, ಬೆಳಿಗ್ಗೆ ತಣ್ಣಗಿದ್ದಾಗ ಇದೇ ಗಾಡಿ ಚೆನ್ನಾಗಿ ಹೊರಟಿತ್ತಲ್ಲ. ಕಾದ ಮೇಲೆ ಒಳಗೆ ಯಾವುದೋ ಭಾಗ ಕರೆಂಟು ಹಿಡಿಯುತ್ತಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದುಕೊಂಡು ಕೆಳಗಿನ ಕಟ್ಟೆಗೆ ಓಡಿದೆ. ತಳದಲ್ಲಿ ಕೆಸರುನೀರು ಉಳಿದಿತ್ತು. ಅದರಲ್ಲಿ ಅದ್ದಿ ತಂದು, ಮುಚ್ಚಳಕ್ಕೆ ನೀರು ತಾಗದ ಹಾಗೆ ಮ್ಯಾಗ್ನೆಟೊದ ಮೈಗೆ ಸುತ್ತಿದೆ. ಬಟ್ಟೆಯಿಂದ ಹಬೆ ಎದ್ದಿತು. ಒಣಗಿದಂತೆಲ್ಲ ಓಡಿ ಹೋಗಿ ಮತ್ತೆ ನೆನೆಸಿ ತಂದೆ. ಮುಟ್ಟಿದಾಗ ತಣ್ಣಗೆನ್ನಿಸಿದ ಮೇಲೆ ಪ್ಲಗ್ಗು ಹಾಕಿ ಹ್ಯಾಂಡಲ್ ತಿರುಗಿಸಿದೆ. ಎಂಜಿನ್ನು ಒಮ್ಮೆ ಕೆಮ್ಮಿ ಹತ್ತಿಕೊಂಡಿತು.

ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಹೊರಟೆ. ದಾರಿಯುದ್ದಕ್ಕೂ ನನ್ನ ಕಿವಿಯೆಲ್ಲ ಎಂಜಿನ್ನಿನ ಮೇಲೆ. ಶಿವಮೊಗ್ಗ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಎತ್ತಿನಗಾಡಿ ಸಿಕ್ಕಿತು. ಒಂದು ಮರದ ಕೆಳಗೆ ನಿಂತಿತ್ತು. ಗಾಡಿಯವನು ಬೆನ್ನು ತಿರುಗಿಸಿ ಎತ್ತುಗಳ ಮುಂದೆ ನಿಂತಿದ್ದ. ಅತ್ತೆಯ ಮಡಿಲಲ್ಲಿ ಅವರದೇ ಸೀರೆಯ ತುಂಡಿನಲ್ಲಿ ಸುತ್ತಿದ ಸಣ್ಣ ಗಂಟೊಂದಿತ್ತು.

ಅತ್ತೆ ಏನೋ ಹೇಳಿದರು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಹೊರಡುವ ನಂಬಿಕೆ ಇರಲಿಲ್ಲ. ಟ್ರೇಲರಿಗೆ ಹತ್ತಿ ಎಂದು ಸನ್ನೆ ಮಾಡಿದೆ, ಅವರಿಗೂ ತಿಳಿಯಿತು. ಗಾಡಿಯವನೂ ನಾನೂ ಸೇರಿ ನನ್ನ ಹೆಂಡತಿಯನ್ನು ಟ್ರೇಲರಿಗೆ ದಾಟಿಸಿದೆವು. ಅತ್ತೆ ಗಂಟನ್ನು ಎದೆಗೆ ಒತ್ತಿಕೊಂಡು ಹತ್ತಿದರು. ಹೆಂಡತಿ ನನ್ನನ್ನೇ ನೋಡುತ್ತ ತುಟಿ ಆಡಿಸುತ್ತಿದ್ದಳು. ನಾನು ತಲೆಯಾಡಿಸಿ ಸೀಟಿಗೆ ಹತ್ತಿದೆ. ತಿರುಗಿ ನೋಡದೆ, ಟ್ರ್ಯಾಕ್ಟರ್ ಓಡುವಷ್ಟು ವೇಗದಲ್ಲಿ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದೆ.

ನರ್ಸು ಗಂಟು ಬಿಚ್ಚಿ ನೋಡಿ ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಬಾಣಂತಿಗೆ ಭಯವಿಲ್ಲ ಎಂದರು. ಮಗು ಈಗಷ್ಟೇ ಹೋಗಿರಬೇಕು, ಮೈ ಇನ್ನೂ ಬೆಚ್ಚಗಿದೆ ಎಂದರು. ಹೆಣ್ಣು ಕೂಸು.

ಸಂಜೆ ನನ್ನನ್ನು ಹೆಂಡತಿಯ ಮಂಚದ ಹತ್ತಿರ ಬಿಟ್ಟರು. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

"ನಿಮಗೆ ಕೇಳಿಸ್ತಾ?" ಎಂದಳು.

"ಏನು?"

"ಅಳ್ತಿದ್ದಳು. ಟ್ರೇಲರಿಗೆ ಹತ್ತಿಸುವಾಗಲೂ ಅಳ್ತಿದ್ದಳು. ನಿಮಗೆ ಹೇಳ್ದೆ ನಾನು, ಕೇಳಿ ಅಂತ."

ನನಗೆ ಕೇಳಿಸಿದ್ದು ಎಂಜಿನ್ನು ಮಾತ್ರ. ಅದು ನಿಲ್ಲದಿರಲೆಂದು ಒಂದೊಂದು ಬಡಿತವನ್ನೂ ಆಲಿಸಿಕೊಂಡು ಬಂದಿದ್ದೆ.

ಅವಳನ್ನು ಅತ್ತೆಯ ಜೊತೆ ಅಲ್ಲೇ ಬಿಟ್ಟು, ಕೂಸನ್ನು ಮಣ್ಣು ಮಾಡಲು ಊರಿಗೆ ಒಯ್ಯಬೇಕಾಗಿತ್ತು. ಸುದ್ದಿ ತಿಳಿದು ಬಂದ ಮಾವ ಟ್ರೇಲರಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಗಾಡಿ ಆರಿ ತಣ್ಣಗಾಗಿತ್ತು. ಹ್ಯಾಂಡಲ್ ಒಂದು ಸುತ್ತು ತಿರುಗಿಸಿದೆ, ಅಷ್ಟಕ್ಕೇ ಹೊರಟಿತು. ಹ್ಯಾಂಡಲ್ ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಮಾವ ಇಳಿದು ಬಂದು ಅದನ್ನು ಬಿಡಿಸಿ ತೆಗೆದುಕೊಂಡು, "ಹೋಗೋಣ ನಡೀರಿ," ಎಂದರು.

ಬಾಣಂತನ ಭದ್ರಾವತಿಯಲ್ಲಾಯಿತು. ನಾನು ನೋಡಲು ಹೋದಾಗ ಅತ್ತೆ ಮಲ್ಲಿಗೆ ಹೂವನ್ನು ಬಟ್ಟೆಯಲ್ಲಿ ಹಾಕಿ ಅವಳ ಎದೆಗೆ ಕಟ್ಟುತ್ತಿದ್ದರು, ಹಾಲು ಬತ್ತಲೆಂದು. ಮನೆಯೆಲ್ಲ ಮಲ್ಲಿಗೆಯ ವಾಸನೆ. ನಾನು ಹೊರಗೆ ಜಗುಲಿಯಲ್ಲಿ ಕುಳಿತೆ.

ಅದೇ ಸಲ ಮ್ಯಾಗ್ನೆಟೊವನ್ನು ಮೇಸ್ತ್ರಿಗೆ ತೋರಿಸಿದೆ. ಅವನು ಬಿಚ್ಚಿ, ಒಳಗೆ ಕಿಡಿಗೆ ಬಲ ಕೊಡುವ ಕಂಡೆನ್ಸರನ್ನು ದೀಪದ ಉರಿಗೆ ಹಿಡಿದು ಕಾಯಿಸಿ ಪರೀಕ್ಷೆ ಮಾಡಿದ. "ಇದೇ ಸಾರ್. ತಣ್ಣಗಿದ್ರೆ ಒಳ್ಳೇದು, ಸೂಡಾದ್ರೆ ಸತ್ತೋಗುತ್ತೆ. ಹೊರಗಿಂದ ಯಾರಿಗೂ ಗೊತ್ತಾಗಲ್ಲ," ಎಂದ. ನಡೆದದ್ದನ್ನು ನಾನು ಹೇಳಿರಲಿಲ್ಲ. ಅವನು ಹೊಸದು ಹಾಕಿಕೊಟ್ಟ. ಆಮೇಲೆ ಆ ಟ್ರ್ಯಾಕ್ಟರ್ ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ.

ಮುಂದೆ ನಮಗೆ ಇಬ್ಬರು ಗಂಡುಮಕ್ಕಳಾದರು. ಹೆಂಡತಿ ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಷ್ಟೋ ವರ್ಷದ ಮೇಲೆ, ಮಕ್ಕಳು ಶಾಲೆಗೆ ಹೋಗಿದ್ದಾಗ, ತಡೆಯಲಾರದೆ, ಒಲೆಯ ಮುಂದೆ ಕುಳಿತಿದ್ದವಳನ್ನು ಕೇಳಿಬಿಟ್ಟೆ.

"ಅವಳ ದನಿ ಹೆಂಗಿತ್ತು?"

ಯಾರ ದನಿ ಎಂದು ಅವಳು ಕೇಳಲಿಲ್ಲ. ಸೌದೆಯನ್ನು ಒಲೆಯೊಳಕ್ಕೆ ತಳ್ಳಿದಳು.

"ಮರ್ತುಹೋಗಿದೆ ರೀ," ಎಂದಳು. "ಎಷ್ಟು ನೆನೆಸ್ಕೊಂಡ್ರೂ ಬರ್ತಿಲ್ಲ."