ಗೆದ್ದವರ ಹೆಸರಿಲ್ಲದ ವರದಿ

ಬೆಳಿಗ್ಗೆ ಮಂಡಿಗೆ ನೋವಿನೆಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ಎಪ್ಪತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದ ವರ್ತೂರಿಗೆ ಹೋಗಿಬಿಟ್ಟೆ. ಆಗ ಭಾನುವಾರ ಸಂಜೆ ನಮ್ಮ ಯಜಮಾನರ ಅಂಗಿಗೆಲ್ಲ ಇದೇ ವಾಸನೆ. ಅವರೇನೂ ಆಟಗಾರರಲ್ಲ, ನೋಡಿ; ಕಬಡ್ಡಿ ಆಡಿದವರ ಪಕ್ಕ ಕೂತು ಮಾತಾಡಿಸಿ ಬರುವವರು. ವಾರವೆಲ್ಲ ಮಹದೇವಪುರದ ಕಾರ್ಖಾನೆಯಲ್ಲಿ ಕೆಲಸ, ರಜೆಯ ದಿನ ಒಂದು ವಾರಪತ್ರಿಕೆಗೆ ಸುತ್ತಲಿನ ಊರುಗಳ ಆಟದ ವರದಿ.

ಬರೆಯುವ ಮುಂಚೆ ಅದನ್ನು ನನಗೆ ಹೇಳುತ್ತಿದ್ದರು. ಕಬಡ್ಡಿಯೆಂದರೆ ಗಂಡಸರು ಉಸಿರು ಕಟ್ಟಿ ಮಣ್ಣಿನಲ್ಲಿ ಹೊರಳುವುದು ಎಂಬಷ್ಟೇ ನನ್ನ ತಿಳಿವಳಿಕೆ. ಮುದ್ದೆ ಕಟ್ಟುತ್ತಾ ಕೇಳುತ್ತಿದ್ದೆ: "ಬಿದ್ದೋನ ಹೆಂಡ್ತಿ ಅಲ್ಲೇ ಇದ್ಲಾ? ಏನಂದ್ಲು?" ಅವರು ತಬ್ಬಿಬ್ಬಾಗುತ್ತಿದ್ದರು, ಮುಂದಿನ ವಾರ ಕೇಳಿಕೊಂಡೇ ಬರುತ್ತಿದ್ದರು.

ಹೀಗಿರುವಾಗ ನಮ್ಮೂರ ತಂಡ ಪಕ್ಕದೂರಿನೆದುರು ಸೋತಿತು. ಕೊನೆಯಲ್ಲಿ ಸಿಕ್ಕಿಬಿದ್ದವನು ನಾಯಕ ಮುನಿರಾಜು. ಊರು ಅವನನ್ನು ಮಾತಾಡಿಸುವುದನ್ನೇ ಬಿಟ್ಟಿತು. ಯಜಮಾನರು ಬರೆದದ್ದು, ಆ ಮುಂಜಾನೆ ಅವನ ಹೆಂಡತಿ ಹೆತ್ತದ್ದು, ತಾಯಿ-ಮಗುವನ್ನು ಆಸ್ಪತ್ರೆಯಲ್ಲಿ ಬಿಟ್ಟು ನಿದ್ದೆಗೆಟ್ಟ ಕಣ್ಣಲ್ಲೇ ಅವನು ಅಂಕಣಕ್ಕಿಳಿದದ್ದು.

ವರದಿ ಅಚ್ಚಾದ ಮೇಲೆ ಮುನಿರಾಜು ನಮ್ಮ ಬಾಗಿಲಲ್ಲಿ ಬಂದು ನಿಂತ. ಜಗಳಕ್ಕೇ ಬಂದನೆಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಣ್ಣ ಮನೇಲವ್ರಾ ಅಕ್ಕಾ? ಊರೋರೆಲ್ಲ ಮೂತಿ ತಿರುಗಿಸ್ತಿದ್ರು. ಈಗ ಒಬ್ಬೊಬ್ರೇ ಕೂಸು ನೋಡಾಕ್ ಬತ್ತಾವ್ರೆ," ಎಂದವನೇ ಅತ್ತುಬಿಟ್ಟ.

ಸಂಪಾದಕರಿಗೆ ಮಾತ್ರ ಅಳು ಬರಲಿಲ್ಲ. "ಎಲ್ಲಾ ಸರಿ ಕಣ್ರೀ, ಗೆದ್ದೋರ ಹೆಸರೇ ಇಲ್ವಲ್ಲ!" ಎಂದು ವರದಿಯ ಕೆಲಸ ಬಿಡಿಸಿದರು. ಯಜಮಾನರು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು.

"ಗೆದ್ದೋರ ಹೆಸರು ಕೇಳ್ದಿರೋ ಕಡೆ ಬರೀರಿ," ಎಂದೆ.

"ಅದ್ಯಾವ್ದೇ ಅಂಥದ್ದು?"

"ನಂಗೇನ್ ಗೊತ್ತು? ಪುಸ್ತಕ ಇರ್ಬೇಕು."

ಪಾಳಿಗೆ ಹೊರಡುವ ಮುಂಚೆ ಕೂತು ಬರೆದರು. ಕೆಲವು ವರ್ಷಗಳಲ್ಲಿ ಸುತ್ತಲಿನ ಆಟಗಾರರ ಕಥೆಗಳೆಲ್ಲ ಸೇರಿ ಪುಸ್ತಕವಾಯಿತು. ಶಾಲೆಯ ಮೈದಾನದಲ್ಲಿ ಬಿಡುಗಡೆ, ಮುನಿರಾಜುವೇ ಅತಿಥಿ. ಮೈಕು ಹಿಡಿದು, "ಅವತ್ತು ಗೆದ್ದಿದ್ರೆ ಒಂದು ಕಪ್ ಬತ್ತಿತ್ತು. ಸೋತಿದ್ಕೆ ಪುಸ್ತಕದಾಗೇ ಬಂದ್ಬುಟ್ಟೆ!" ಎಂದ. ಮೈದಾನಕ್ಕೆ ಮೈದಾನವೇ ನಕ್ಕಿತು. ಆಮೇಲೆ ಪುಸ್ತಕದ ಹಿಂದೆ ಪುಸ್ತಕ ಬಂತು. ಒಂದು ದಿನವೂ ಪಾಠ ಹೇಳದ ನಮ್ಮೆಜಮಾನರು ಊರಿಗೆಲ್ಲ "ಪುಸ್ತಕದ ಮೇಷ್ಟ್ರು" ಆದರು.

ಕಳೆದ ಭಾನುವಾರ ಮೊದಲ ಬಾರಿಗೆ ನಾನೂ ಅವರೊಂದಿಗೆ ಪಂದ್ಯ ನೋಡಲು ಹೋದೆ. ಹುಡುಗಿಯರ ಕಬಡ್ಡಿ. ಕೂತಲ್ಲಿಂದ ಎದ್ದು, "ಹಿಡ್ಕೊಳೇ, ಕಾಲು ಹಿಡ್ಕೊಳೇ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ತಿರುಗಿದರೆ ಯಜಮಾನರು ಆಟ ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ಅವರ ಮುಂದಿನ ಪುಸ್ತಕದ ಬಗ್ಗೆ ನನಗೀಗ ಸಣ್ಣ ಭಯ.